ಅಸಲು ಕೊಡಬೇಕೋ, ನಕಲು ಕೊಡಬೇಕೋ?
(ಆದಿಲ್‌ಶಾಹಿ ಫರ್ಮಾನಿನಿಂದ ಕಂಪೈಲರಿನವರೆಗೆ ಒಂದು ಪ್ರಶ್ನೆಯ ಇತಿಹಾಸ)



ಬಬಲೇಶ್ವರ, ತಿಕೋಟಾ ಭಾಗದ ಹಳ್ಳಿಗಳಿಂದ ದಿನಾಲು ಬಸ್ಸು ಹತ್ತಿ ವಿಜಯಪುರದ ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳಲ್ಲಿ ಇಂದು ಕಂಪ್ಯೂಟರ್ ವಿಷಯ ಓದುವವರು ಕಡಿಮೆಯೇನಿಲ್ಲ. ಅವರ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಕಾಲ್ ಬೈ ವ್ಯಾಲ್ಯೂ ಮತ್ತು ಕಾಲ್ ಬೈ ರೆಫರೆನ್ಸ್‌ಗಳ ನಡುವಿನ ವ್ಯತ್ಯಾಸ ಬರೆಯಿರಿ." ಮಕ್ಕಳು ಎರಡು ಅಂಕಣ ಹಾಕಿ, ಬಾಯಿಪಾಠ ಮಾಡಿದ್ದನ್ನು ಬರೆದು ಅಂಕ ಪಡೆಯುತ್ತಾರೆ. ಆದರೆ ಈ ಎರಡು ಪದ್ಧತಿಗಳು ಏಕೆ ಹುಟ್ಟಿದವು, ಇವುಗಳಲ್ಲಿ ಯಾವುದನ್ನು ಬಳಸಬೇಕೆಂದು ನಿರ್ಧರಿಸುವವರು ಯಾರು, ಆ ನಿರ್ಧಾರ ತಪ್ಪಿದರೆ ಆಗುವ ಹಾನಿ ಏನು ಎಂಬುದನ್ನು ಕೇಳುವವರು ವಿರಳ. ಈ ಪ್ರಶ್ನೆಯ ಮೂಲ ರೂಪ ಕಂಪ್ಯೂಟರಿಗಿಂತ ಬಹಳ ಹಳೆಯದು. ನಮ್ಮ ಬಿಜಾಪುರದ ಕಚೇರಿಗಳಲ್ಲೇ ಅದಕ್ಕೊಂದು ಸ್ಪಷ್ಟ ಉತ್ತರವಿತ್ತು. ಅಲ್ಲಿಂದಲೇ ಆರಂಭಿಸೋಣ.

ಆದಿಲ್‌ಶಾಹಿ ಕಚೇರಿಯ ಕಟ್ಟಳೆ

1490ರಿಂದ 1686ರವರೆಗೆ ಬಿಜಾಪುರವನ್ನು ಆಳಿದ ಆದಿಲ್‌ಶಾಹಿ ಸುಲ್ತಾನರು ಇನಾಮು, ಜಹಗೀರುಗಳನ್ನು ಕೊಡುವಾಗ ಫರ್ಮಾನು ಹೊರಡಿಸುತ್ತಿದ್ದರು. ಅದು ಪ್ರಾಂತದ ಕಾರಕೂನರಿಗೂ ದೇಸಾಯರಿಗೂ ಬರೆದ ಆಜ್ಞೆ. ಅದರಲ್ಲಿ ಅಧಿಕಾರಿಯ ಸ್ವಂತ ಹೆಸರು ಇರಬೇಕೆಂದಿಲ್ಲ. "ಹಾಲ್" ಮತ್ತು "ಇಸ್ತಿಕ್ಬಾಲ್", ಅಂದರೆ ಈಗ ಇರುವ ಮತ್ತು ಮುಂದೆ ಬರುವ ಅಧಿಕಾರಿಗಳೆಲ್ಲರಿಗೆ ಎಂದು ಬರೆಯುವುದು ರೂಢಿ. ಆ ಸ್ಥಾನದಲ್ಲಿ ಯಾರೇ ಕುಳಿತಿರಲಿ, ಆಜ್ಞೆ ಅವರಿಗೆ ಅನ್ವಯ.

ಇಂತಹ ಪತ್ರಗಳ ಕೊನೆಯ ಭಾಗದಲ್ಲಿ ಇನ್ನೊಂದು ರೂಢಿಯ ಸೂಚನೆ ಇರುತ್ತಿತ್ತು. ಅದರ ತಾತ್ಪರ್ಯ ಇಷ್ಟು: ಈ ಪತ್ರದ ನಕಲನ್ನು ಬರೆದುಕೊಂಡು ಕಚೇರಿಯಲ್ಲಿ ಇಟ್ಟುಕೊಳ್ಳಿ, ಅಸಲನ್ನು ತಂದವನಿಗೆ ಮರಳಿ ಕೊಡಿ, ಪ್ರತಿ ವರ್ಷ ಹೊಸ ಪತ್ರ ತರಬೇಕೆಂದು ತಕರಾರು ಮಾಡಬೇಡಿ. ಈ ನಕಲಿಗೆ "ತಾಲೀಕು" ಎನ್ನುತ್ತಿದ್ದರು. ಮುಂದೆ ಮರಾಠಿ ಕಚೇರಿಗಳ ಪತ್ರಗಳಲ್ಲೂ ಇದೇ ಕಟ್ಟಳೆ ಮುಂದುವರಿಯಿತು.

ಈ ಸೂಚನೆಯ ಹಿಂದೆ ದೊಡ್ಡ ವಿವೇಕವಿದೆ. ಅಸಲು ಕಚೇರಿಯಲ್ಲೇ ಉಳಿದರೆ ಇನಾಮುದಾರನ ಕೈ ಬರಿದು. ಅಲ್ಲಿ ಯಾರಾದರೂ ಅಕ್ಷರ ತಿದ್ದಿದರೆ ಅವನ ಹಕ್ಕೇ ಬದಲಾಗುತ್ತದೆ. ನಕಲು ಇಟ್ಟುಕೊಂಡರೆ ಕಚೇರಿಯ ಕೆಲಸವೂ ನಡೆಯುತ್ತದೆ, ಅಸಲೂ ಸುರಕ್ಷಿತ. ಹಾಗೆಂದು ಎಲ್ಲದಕ್ಕೂ ನಕಲು ಸಾಧ್ಯವಿಲ್ಲ. ಒಂದು ಫರ್ಮಾನನ್ನು ಗುಮಾಸ್ತ ಕುಳಿತು ಬರೆದುಕೊಳ್ಳಬಹುದು. ಆದರೆ ಇಡೀ ಪ್ರಾಂತದ ಜಮೀನು ದಫ್ತರವನ್ನು ಪ್ರತಿ ಅಧಿಕಾರಿಗೂ ನಕಲು ಮಾಡಿ ಕೊಡಲಾದೀತೇ? ಅಲ್ಲಿ "ದಫ್ತರ ಇಂಥ ಕಡೆ ಇದೆ, ಹೋಗಿ ನೋಡಿರಿ" ಎನ್ನಬೇಕಾಗುತ್ತದೆ. ಇಂದಿಗೂ ಹೀಗೆಯೇ. ನೀವು ತಹಶೀಲ್ದಾರ ಕಚೇರಿಯಿಂದ ತಂದ ಹೊಲದ ಉತಾರ ಒಂದು ನಕಲು. ಅದರ ಮೇಲೆ ನೀವು ಪೆನ್ನಿನಿಂದ ಏನೇ ಗೀಚಿದರೂ ದಾಖಲೆ ಬದಲಾಗದು. ಆದರೆ ಅಧಿಕಾರಿ ಸರ್ವೆ ನಂಬರು ಹಿಡಿದು ಮೂಲ ದಾಖಲೆಯನ್ನೇ ತೆರೆದು ತಿದ್ದಿದರೆ ಎಲ್ಲರಿಗೂ ಬದಲಾಯಿತು.

ನಕಲು ಕೊಡುವುದು, ಅಥವಾ ಅಸಲು ಇರುವ ವಿಳಾಸ ಕೊಡುವುದು: ಕಂಪ್ಯೂಟರಿನ ಇಡೀ ಚರ್ಚೆ ಈ ಎರಡರ ಸುತ್ತ ನಡೆದಿದೆ.

ಬಾಗ್ದಾದಿನಿಂದ ಕೇಂಬ್ರಿಡ್ಜ್‌ಗೆ

ಕೆಲಸವನ್ನು ಕ್ರಮವಾದ ಹೆಜ್ಜೆಗಳಾಗಿ ಬರೆದಿಡುವ ವಿಧಾನಕ್ಕೆ "ಅಲ್ಗಾರಿದಮ್" ಎನ್ನುತ್ತೇವೆ. ಈ ಪದ 9ನೇ ಶತಮಾನದಲ್ಲಿ ಬಾಗ್ದಾದಿನ ಬೈತುಲ್ ಹಿಕ್ಮಾದಲ್ಲಿ ದುಡಿದ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿಯವರ ಹೆಸರಿನಿಂದ ಬಂದದ್ದು. ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಅವರು ವಿವರಿಸಿದ ಗ್ರಂಥ ಲ್ಯಾಟಿನ್ನಿಗೆ ಹೋದಾಗ ಅವರ ಹೆಸರು ಅಲ್ಲಿಯ ಬಾಯಿಗೆ ತಕ್ಕಂತೆ "ಅಲ್ಗೊರಿತ್ಮಿ" ಆಯಿತು.

ಅದೇ ಹೆಜ್ಜೆಗಳನ್ನು ಬೇರೆ ಬೇರೆ ಸಂಖ್ಯೆಗಳಿಗೆ ಬಳಸಬೇಕಾದರೆ ಪ್ರತಿ ಸಲ ಹೊಸದಾಗಿ ಬರೆಯಬೇಕೇ? ಬೇಡ. ಒಮ್ಮೆ ಬರೆದಿಟ್ಟು ಬೇಕಾದಾಗ ಕರೆದರೆ ಸಾಕು. 1949ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕೆಲಸ ಆರಂಭಿಸಿದ ಎಡ್ಸ್ಯಾಕ್ ಯಂತ್ರಕ್ಕೆ ಡೇವಿಡ್ ವೀಲರ್ ಇಂತಹ ಪದ್ಧತಿ ರೂಪಿಸಿದರು. ಹೀಗೆ ಬರೆದಿಟ್ಟ ತುಣುಕನ್ನು ಉಪಪ್ರೋಗ್ರಾಮ್ ಎನ್ನೋಣ. ಅದಕ್ಕೆ ಒಪ್ಪಿಸುವ ಸಾಮಗ್ರಿಯೇ ಪ್ಯಾರಾಮೀಟರ್. ಉಪಪ್ರೋಗ್ರಾಮಿನಲ್ಲಿ ಬರೆದಿರುವ ಹೆಸರು ಫರ್ಮಾನಿನ "ಹಾಲ್ ಮತ್ತು ಇಸ್ತಿಕ್ಬಾಲ್" ಇದ್ದಂತೆ, ಬರೀ ಸ್ಥಾನ. ಕರೆಯುವಾಗ ಕೊಡುವ ವಸ್ತು ಆ ಸ್ಥಾನದಲ್ಲಿ ಬಂದು ಕೂಡುತ್ತದೆ.

ಹಾಗಾದರೆ ಆ ವಸ್ತುವಿನ ನಕಲು ಕೂಡಬೇಕೋ, ಅಸಲೋ?

ಮೂರು ಭಾಷೆ, ಮೂರು ದಾರಿ

1957ರಲ್ಲಿ ಐಬಿಎಂ ಕಂಪನಿಯಲ್ಲಿ ಜಾನ್ ಬ್ಯಾಕಸ್ ಅವರ ತಂಡ ಫೋರ್ಟ್ರಾನ್ ಭಾಷೆಯ ಕಂಪೈಲರನ್ನು ಹೊರತಂದಿತು. ನಾವು ಬರೆದ ಭಾಷೆಯನ್ನು ಯಂತ್ರದ ಆಜ್ಞೆಗಳಿಗೆ ಅನುವಾದಿಸುವ ಸಾಧನವೇ ಕಂಪೈಲರ್. 1958ರ ಎರಡನೆಯ ಆವೃತ್ತಿಯಲ್ಲಿ ಉಪಪ್ರೋಗ್ರಾಮುಗಳು ಬಂದವು. ಆಗಿನ ಯಂತ್ರಗಳ ನೆನಪಿನ ಕೋಶ ಬಹಳ ಸಣ್ಣದು. ದೊಡ್ಡ ಕೋಷ್ಟಕಗಳ ನಕಲು ಮಾಡಲು ಜಾಗವಿಲ್ಲ. ಆದ್ದರಿಂದ ವಿಳಾಸ ಕೊಡುವುದೇ ರೂಢಿಯಾಯಿತು. ಇದರಿಂದ ಒಂದು ವಿಚಿತ್ರ ತೊಂದರೆ ಹುಟ್ಟಿತು. ಉಪಪ್ರೋಗ್ರಾಮಿಗೆ 4 ಎಂಬ ಅಂಕಿಯನ್ನೇ ಒಪ್ಪಿಸಿದರೆ, 4 ಬರೆದಿಟ್ಟ ಜಾಗದ ವಿಳಾಸ ಹೋಗುತ್ತಿತ್ತು. ಉಪಪ್ರೋಗ್ರಾಮ್ ತನಗೆ ಬಂದದ್ದಕ್ಕೆ ಒಂದು ಕೂಡಿಸಿದರೆ ಆ ಜಾಗದಲ್ಲಿ 5 ಕೂಡುತ್ತಿತ್ತು. ಕೆಲವು ಹಳೆಯ ಕಂಪೈಲರುಗಳಲ್ಲಿ ಅಲ್ಲಿಂದ ಮುಂದೆ ಪ್ರೋಗ್ರಾಮಿನಲ್ಲಿ 4 ಎಂದು ಬರೆದ ಕಡೆಯಲ್ಲೆಲ್ಲ ಯಂತ್ರ 5 ಎಂದು ಓದುತ್ತಿತ್ತು! ಉತಾರ ಕೇಳಲು ಬಂದವನ ಕೈಗೆ ದಫ್ತರವನ್ನೇ ಕೊಟ್ಟರೆ ಆಗುವ ಫಲ ಇದು.

1960ರ ಅಲ್ಗಾಲ್ ಭಾಷೆ ಬೇರೆ ದಾರಿ ಹಿಡಿಯಿತು. ಬರೆಯುವವನು ಬಯಸಿದರೆ ನಕಲು ಕೊಡಬಹುದು. ಏನನ್ನೂ ಹೇಳದಿದ್ದರೆ "ಹೆಸರಿನ ಮೂಲಕ" ಒಪ್ಪಿಸಿದಂತೆ. ಅಂದರೆ ಕೊಟ್ಟ ಮಾತನ್ನು ಹಾಗೆಯೇ ಇಟ್ಟುಕೊಂಡು, ಬೇಕಾದಾಗಲೆಲ್ಲ ಹೊಸದಾಗಿ ಬೆಲೆ ಕಟ್ಟುವುದು. ಕೇಳಲು ಚೆಂದ, ಬಳಸಲು ಕಠಿಣ. ಉದಾಹರಣೆಗೆ, ಹಾಜರಿ ಸಂಖ್ಯೆ 3 ಇದೆ. "ಆ ಹಾಜರಿ ಸಂಖ್ಯೆಯ ವಿದ್ಯಾರ್ಥಿಯ ಅಂಕ" 7 ಇದೆ. ಇವೆರಡನ್ನು ಅದಲು ಬದಲು ಮಾಡು ಎಂದು ಹೇಳಿದಿರಿ. ಮೊದಲ ಹೆಜ್ಜೆಯಲ್ಲಿ ಹಾಜರಿ ಸಂಖ್ಯೆ 7 ಆಯಿತು. ಎರಡನೆಯ ಹೆಜ್ಜೆಯಲ್ಲಿ "ಆ ಸಂಖ್ಯೆಯ ವಿದ್ಯಾರ್ಥಿ" ಎಂದರೆ ಈಗ 7ನೆಯವನು. ಹೀಗಾಗಿ 3ನೆಯವನ ಬದಲು 7ನೆಯವನ ಅಂಕ ಕೆಟ್ಟುಹೋಯಿತು. ಮುಂದಿನ ಬಹುಪಾಲು ಭಾಷೆಗಳು ಈ ದಾರಿ ಬಿಟ್ಟವು.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆ ನೇರ ನಿಯಮ ಮಾಡಿತು: ಹೋಗುವುದು ನಕಲು ಮಾತ್ರ. ಅಸಲನ್ನು ತಿದ್ದಬೇಕಾದರೆ ಪ್ರೋಗ್ರಾಮ್ ಬರೆಯುವವನೇ ಅದರ ವಿಳಾಸವನ್ನು ತೆಗೆದು ಕೊಡಬೇಕು. ನಮ್ಮ ಮಕ್ಕಳು ಕಲಿಯುವ "ಪಾಯಿಂಟರ್" ಇದೇ. ಇಲ್ಲಿ ಸ್ವಾತಂತ್ರ್ಯವೂ ಬರೆಯುವವನದು, ಹೊಣೆಯೂ ಅವನದೇ. ವಿಳಾಸ ಸಿಕ್ಕವನು ಬರೀ ಓದುತ್ತಾನೋ ತಿದ್ದುತ್ತಾನೋ ಎಂಬುದು ವಿಳಾಸ ಕೊಟ್ಟ ಮಾತ್ರಕ್ಕೆ ತಿಳಿಯದು.

ಉರ್ದು ಬಲ್ಲವರಿಗೆ ಇಲ್ಲಿ ಒಂದು ಪದ ನೆನಪಾಗುತ್ತದೆ. "ಹವಾಲಾ" ಎಂದರೆ ಉಲ್ಲೇಖ. "ಹವಾಲೆ ಕರ್ನಾ" ಎಂದರೆ ಒಪ್ಪಿಸಿಬಿಡುವುದು. ಒಂದೇ ಮೂಲದ ಎರಡು ಅರ್ಥ. ಕಾಲ್ ಬೈ ರೆಫರೆನ್ಸ್‌ನಲ್ಲಿ ಎರಡೂ ಅರ್ಥ ಕೂಡಿವೆ. ವಿಳಾಸ ಹೇಳಿದ್ದೇ ತಡ, ವಸ್ತುವನ್ನೇ ಹವಾಲೆ ಮಾಡಿದಂತಾಯಿತು.

ಮೊದಲು ನಿಯತ್ತು ಹೇಳು

1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಕೆಲಸಗಳಲ್ಲಿ ಬಳಕೆಯಲ್ಲಿದ್ದ ನೂರಾರು ಭಾಷೆಗಳಿಂದ ಬೇಸತ್ತು, ಎಲ್ಲಕ್ಕೂ ಒಂದೇ ಭದ್ರವಾದ ಭಾಷೆ ಬೇಕೆಂದು ಸ್ಪರ್ಧೆ ಏರ್ಪಡಿಸಿತು. ನಾಲ್ಕು ತಂಡಗಳಿಗೆ ಹಸಿರು, ಕೆಂಪು, ನೀಲಿ, ಹಳದಿ ಎಂದು ಬಣ್ಣದ ಹೆಸರು ಕೊಡಲಾಯಿತು. 1979ರಲ್ಲಿ ಫ್ರಾನ್ಸಿನ ಜಾನ್ ಇಶ್ಬಿಯಾ ನೇತೃತ್ವದ ಹಸಿರು ತಂಡ ಗೆದ್ದಿತು. ಆ ಭಾಷೆಗೆ "ಆಡಾ" ಎಂದು ಹೆಸರಿಟ್ಟರು. 1843ರಲ್ಲಿ ಚಾರ್ಲ್ಸ್ ಬ್ಯಾಬೇಜರ ಯಂತ್ರದ ಬಗ್ಗೆ ಟಿಪ್ಪಣಿ ಬರೆದು ಅದಕ್ಕೆ ಲೆಕ್ಕದ ಕ್ರಮವನ್ನೂ ಪ್ರಕಟಿಸಿದ ಆಡಾ ಲವ್‌ಲೇಸ್ ಎಂಬ ಮಹಿಳೆಯ ಗೌರವಾರ್ಥ ಇಟ್ಟ ಹೆಸರು ಅದು. 1983ರ ಅದರ ಪ್ರಮಾಣಪತ್ರದ ಸಂಖ್ಯೆಯೂ ಆಕೆಯ ಜನ್ಮವರ್ಷವಾದ 1815.

ಆಡಾ ಭಾಷೆ ಪ್ರಶ್ನೆಯನ್ನೇ ತಿರುಗಿಸಿತು. "ನಕಲೋ ವಿಳಾಸವೋ" ಎಂದು ಬರೆಯುವವನನ್ನು ಕೇಳದೆ "ನಿನ್ನ ಉದ್ದೇಶವೇನು" ಎಂದು ಕೇಳಿತು. ಉತ್ತರಗಳು ಮೂರು. "ಇನ್" ಎಂದರೆ ಓದಲು ಮಾತ್ರ, ತಿದ್ದುವಂತಿಲ್ಲ. "ಔಟ್" ಎಂದರೆ ಫಲಿತಾಂಶ ತುಂಬಿ ಕೊಡಲು. "ಇನ್ ಔಟ್" ಎಂದರೆ ಓದಿ, ತಿದ್ದಿ, ಮರಳಿಸಲು. ಉದ್ದೇಶ ಹೇಳುವುದು ಮನುಷ್ಯನ ಕೆಲಸ. ಅದನ್ನು ಸಾಧಿಸುವ ದಾರಿ ಆರಿಸುವುದು, ನಿಯಮದ ಮಿತಿಯೊಳಗೆ, ಕಂಪೈಲರಿನ ಕೆಲಸ. "ಇನ್" ಎಂದು ಒಪ್ಪಿಸಿದ್ದನ್ನು ಉಪಪ್ರೋಗ್ರಾಮ್ ನೇರವಾಗಿ ತಿದ್ದಲು ಹೊರಟರೆ ಕಂಪೈಲರ್ ಪ್ರೋಗ್ರಾಮನ್ನೇ ತಿರಸ್ಕರಿಸುತ್ತದೆ. ಸಾಮಾನ್ಯ ಬಳಕೆಯಲ್ಲಿ 4 ಎಂಬುದು 5 ಆಗುವ ಪ್ರಮಾದಕ್ಕೆ ಇಲ್ಲಿ ಎಡೆಯಿಲ್ಲ.

ಕಂಪೈಲರ್ ನಿರ್ಧರಿಸುವ ಬಗೆ

ಹಾಗಾದರೆ ಕಂಪೈಲರ್ ಏನನ್ನು ನೋಡಿ ನಿರ್ಧರಿಸುತ್ತದೆ?

ಮೊದಲನೆಯದು, ವಸ್ತುವಿನ ಜಾತಿ. ಒಂದು ಸಂಖ್ಯೆ, ಒಂದು ಅಕ್ಷರ, ಒಂದು ವಿಳಾಸ ಇಂತಹ ಬಿಡಿ ಬೆಲೆಗಳು ಆಡಾ ಭಾಷೆಯಲ್ಲಿ ಯಾವಾಗಲೂ ನಕಲಾಗಿಯೇ ಹೋಗಬೇಕು. ಇನ್ನೊಂದು ತುದಿಯಲ್ಲಿ ನಕಲು ಮಾಡಿದರೆ ಅರ್ಥವೇ ಕೆಡುವ ವಸ್ತುಗಳಿವೆ. ಸ್ವತಃ ಓಡುತ್ತಿರುವ "ಟಾಸ್ಕ್" ಎಂಬ ಕಾರ್ಯವನ್ನು ನಕಲು ಮಾಡುವುದು ಹೇಗೆ? ಅವು ಯಾವಾಗಲೂ ವಿಳಾಸದ ಮೂಲಕವೇ. 1995ರ ಪರಿಷ್ಕೃತ ಆವೃತ್ತಿ ಇಂತಹ ಜಾತಿಗಳ ಪಟ್ಟಿಯನ್ನು ಸ್ಪಷ್ಟಗೊಳಿಸಿತು. ಇವೆರಡರ ನಡುವೆ ಉಳಿಯುವ ಸಾಮಾನ್ಯ ದಾಖಲೆಗಳು ಮತ್ತು ಕೋಷ್ಟಕಗಳ ವಿಷಯದಲ್ಲಿ ಮಾತ್ರ ಆಯ್ಕೆ ಕಂಪೈಲರಿಗೆ ಬಿಟ್ಟದ್ದು.

ಎರಡನೆಯದು, ಗಾತ್ರ. ಇಂದಿನ 64 ಬಿಟ್ ಯಂತ್ರದಲ್ಲಿ ಒಂದು ವಿಳಾಸಕ್ಕೆ 8 ಬೈಟ್ ಬೇಕು. ದಾಖಲೆಯೇ 8 ಬೈಟ್ ಇದ್ದರೆ ನಕಲು ಕಳಿಸುವುದೇ ಲಾಭ. ಅದು ಪ್ರೊಸೆಸರಿನ ರಿಜಿಸ್ಟರಿನಲ್ಲೇ ಕೂತು ಹೋಗುತ್ತದೆ. ಆದರೆ 100 ಸಾಲು, 100 ಅಂಕಣದ ಕೋಷ್ಟಕದಲ್ಲಿ ಒಂದೊಂದು ಅಂಕಿಗೆ 8 ಬೈಟಿನಂತೆ 80,000 ಬೈಟ್ ಆಯಿತು. 8 ಬೈಟಿನ ವಿಳಾಸದಿಂದ ಆಗುವ ಕೆಲಸಕ್ಕೆ ಪ್ರತಿ ಕರೆಯಲ್ಲೂ ಅಷ್ಟನ್ನು ಹೊರುವುದು ದಂಡ.

ಮೂರನೆಯದು, ವಸ್ತು ಇರುವ ಜಾಗ. ಜಾಗ ಉಳಿಸಲು ಹಲವು ಸಣ್ಣ ಬೆಲೆಗಳನ್ನು ಒತ್ತೊತ್ತಾಗಿ ತುಂಬಿದಾಗ ಒಂದು ಬೆಲೆ ಬೈಟಿನ ನಡುವೆ ಎಲ್ಲೋ ಆರಂಭವಾಗಬಹುದು. ಅದಕ್ಕೆ ಸ್ವಂತ ವಿಳಾಸವೇ ಇಲ್ಲ. ಆಗ ಕಂಪೈಲರ್ ಅದನ್ನು ಬೇರೆ ಕಡೆ ನಕಲು ಮಾಡಿ, ಕೆಲಸ ಮುಗಿದ ಮೇಲೆ ಮರಳಿ ಸೇರಿಸುತ್ತದೆ. ಉಪಪ್ರೋಗ್ರಾಮ್ ಇನ್ನೊಂದು ಯಂತ್ರದಲ್ಲೇ ಇದ್ದರೆ ಈ ಯಂತ್ರದ ವಿಳಾಸ ಅಲ್ಲಿ ನಿರರ್ಥಕ. ಅಲ್ಲಿಗೂ ನಕಲೇ ಹೋಗಬೇಕು.

ನಾಲ್ಕನೆಯದು, ಕರಾರು. ಕರೆಯುವ ಭಾಗವನ್ನೂ ಉಪಪ್ರೋಗ್ರಾಮನ್ನೂ ಬೇರೆ ಬೇರೆ ದಿನ ಕಂಪೈಲ್ ಮಾಡಿರಬಹುದು. ಒಬ್ಬರು ವಿಳಾಸ ಕಳಿಸಿ ಇನ್ನೊಬ್ಬರು ಅದನ್ನೇ ಬೆಲೆಯೆಂದು ಓದಿದರೆ ಅನರ್ಥ. ಆದ್ದರಿಂದ ನಿರ್ಧಾರ ಆಯಾ ಹೊತ್ತಿನ ಮರ್ಜಿಯಂತೆ ನಡೆಯುವುದಿಲ್ಲ. ಉಪಪ್ರೋಗ್ರಾಮಿನ ಘೋಷಣೆಯನ್ನು ನೋಡಿ ಎರಡೂ ಕಡೆ ಒಂದೇ ತೀರ್ಮಾನ ಬರುವಂತೆ ನಿಯಮ ಇರುತ್ತದೆ. ಸಿ ಭಾಷೆಯಲ್ಲಿ ಬರೆದ ಉಪಪ್ರೋಗ್ರಾಮನ್ನು ಕರೆಯುವಾಗ "ಇಲ್ಲಿ ಸಿ ಪದ್ಧತಿ" ಎಂದು ಬರೆಯುವವನು ಘೋಷಿಸಬೇಕು. ಎರಡು ಭಾಷೆಗಳ ನಡುವೆ ಕೆಲಸ ಮಾಡುವವರಿಗೆ ಇದು ಹೊಸ ಮಾತಲ್ಲ.

ಈ ಶಾಸ್ತ್ರದಲ್ಲಿ ನಮ್ಮ ನಾಡಿನವರ ಕೊಡುಗೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ವೈ.ಎನ್. ಶ್ರೀಕಾಂತ್ ಮತ್ತು ಪ್ರೊ. ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಪ್ರಕಟವಾಯಿತು.

500 ರೂಪಾಯಿಯ ವ್ಯತ್ಯಾಸ

ಕಂಪೈಲರಿಗೆ ಆಯ್ಕೆ ಕೊಟ್ಟರೆ ಅಪಾಯವಿಲ್ಲವೇ? ಇದೆ. ಒಂದು ಸಣ್ಣ ಲೆಕ್ಕದಿಂದ ನೋಡೋಣ.

ವಿದ್ಯಾರ್ಥಿವೇತನದ ಎರಡು ಖಾತೆ ಪಡೆಯುವ ಉಪಪ್ರೋಗ್ರಾಮ್ ಇದೆ ಎನ್ನಿ. ಮೊದಲನೆಯದು ಹಳೆಯ ಖಾತೆ, ಓದಲು ಮಾತ್ರ. ಎರಡನೆಯದು ಹೊಸ ಖಾತೆ, ತಿದ್ದಲು. ಕೆಲಸ ಎರಡು ಹೆಜ್ಜೆ: ಹೊಸ ಖಾತೆಗೆ 500 ರೂಪಾಯಿ ಸೇರಿಸು, ನಂತರ ಹಳೆಯ ಖಾತೆಯಲ್ಲಿರುವ ಮೊತ್ತವನ್ನೂ ಅದಕ್ಕೆ ಸೇರಿಸು. ಈಗ ಯಾರೋ ಅಜಾಗರೂಕತೆಯಿಂದ 1000 ರೂಪಾಯಿ ಇರುವ ಒಂದೇ ಖಾತೆಯನ್ನು ಎರಡೂ ಸ್ಥಾನಕ್ಕೆ ಕೊಟ್ಟರು. ನಕಲು ಹೋಗಿದ್ದರೆ ಹೊಸದು 1500 ಆಗಿ, ಹಳೆಯದರ ನಕಲಿನಲ್ಲಿ 1000 ಹಾಗೆಯೇ ಉಳಿದು, ಒಟ್ಟು 2500. ವಿಳಾಸ ಹೋಗಿದ್ದರೆ ಹೊಸದು 1500 ಆದ ಕ್ಷಣವೇ ಹಳೆಯದೂ 1500, ಏಕೆಂದರೆ ಎರಡೂ ಒಂದೇ. ಒಟ್ಟು 3000. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಿಲ್ಲ. ಕಂಪೈಲರ್ ಬದಲಾದರೆ ಲೆಕ್ಕದಲ್ಲಿ 500 ರೂಪಾಯಿ ವ್ಯತ್ಯಾಸ!

ಇನ್ನೊಂದು ಸಂದರ್ಭ: ಉಪಪ್ರೋಗ್ರಾಮ್ ನಡುವೆಯೇ ದೋಷ ಕಂಡು ನಿಂತುಹೋಯಿತು. ನಕಲಿನ ಮೇಲೆ ಕೆಲಸ ನಡೆದಿದ್ದರೆ ಅಸಲು ಮೊದಲಿನಂತೆಯೇ ಇರುತ್ತದೆ. ವಿಳಾಸದ ಮೂಲಕ ನಡೆದಿದ್ದರೆ ಅಸಲು ಅರ್ಧ ತಿದ್ದಿದ ಸ್ಥಿತಿಯಲ್ಲಿ ಉಳಿಯುತ್ತದೆ.

ಆಡಾ ಭಾಷೆಯ ನಿಯಮ ಇಲ್ಲಿ ಖಡಾಖಂಡಿತ. ಕಂಪೈಲರ್ ಯಾವ ದಾರಿ ಹಿಡಿಯಿತು ಎಂಬುದರ ಮೇಲೆ ಉತ್ತರ ನಿಂತಿದ್ದರೆ ತಪ್ಪು ಕಂಪೈಲರಿನದಲ್ಲ, ಪ್ರೋಗ್ರಾಮಿನದು. ಸರಿಯಾಗಿ ಬರೆದ ಪ್ರೋಗ್ರಾಮ್ ಎರಡೂ ದಾರಿಯಲ್ಲಿ ಒಂದೇ ಉತ್ತರ ಕೊಡಬೇಕು. ಆಡಾದಿಂದಲೇ ಹುಟ್ಟಿದ "ಸ್ಪಾರ್ಕ್" ಎಂಬ ಇನ್ನೂ ಕಟ್ಟುನಿಟ್ಟಿನ ರೂಪ, ಹೀಗೆ ಒಂದೇ ವಸ್ತುವನ್ನು ಎರಡು ಹೆಸರಿನಿಂದ ಒಪ್ಪಿಸಿ ತಿದ್ದುವುದನ್ನೇ ನಿಷೇಧಿಸುತ್ತದೆ.

ಬೆಂಗಳೂರಿನ ತೇಜಸ್

ಇದೆಲ್ಲ ಪುಸ್ತಕದ ಬದನೆಕಾಯಿ ಎಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲೇ ನಡೆದ ದೊಡ್ಡ ಕೆಲಸವೊಂದನ್ನು ನೋಡಿ. ಲಘು ಯುದ್ಧವಿಮಾನ ತಯಾರಿಸಲು 1984ರಲ್ಲಿ ಬೆಂಗಳೂರಿನಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾಯಿತು. ಅದರ ಇಂಗ್ಲಿಷ್ ಹೆಸರಿನ ಮೂರು ಮೊದಲಕ್ಷರಗಳನ್ನು ಕೂಡಿಸಿ ಓದಿದರೆ "ಆಡಾ" ಎಂದೇ ಆಗುವುದು ಒಂದು ಸೊಗಸಾದ ಕಾಕತಾಳೀಯ.

ಈ ವಿಮಾನ ಚುರುಕಾಗಿ ತಿರುಗಲೆಂದು ಉದ್ದೇಶಪೂರ್ವಕವಾಗಿ ಅಸ್ಥಿರವಾಗಿ ರೂಪಿಸಿದ್ದು. ಕಂಪ್ಯೂಟರ್ ಕ್ಷಣಕ್ಷಣಕ್ಕೂ ರೆಕ್ಕೆಯ ಭಾಗಗಳನ್ನು ಸರಿಹೊಂದಿಸದಿದ್ದರೆ ಪೈಲಟ್ ಒಬ್ಬನೇ ಅದನ್ನು ಹಿಡಿದಿಡಲಾರ. ಪೈಲಟ್‌ನ ಆಜ್ಞೆ ವಿದ್ಯುತ್ ಸಂಕೇತವಾಗಿ ನಾಲ್ಕು ಸಮಾನಾಂತರ ಮಾರ್ಗಗಳ ಕಂಪ್ಯೂಟರಿಗೆ ಹೋಗುತ್ತದೆ. ಆ ಕಂಪ್ಯೂಟರಿನ ತಂತ್ರಾಂಶ ಬರೆಯಲು ಬಳಸಿದ್ದು ಆಡಾ ಭಾಷೆಯ ಆಯ್ದ ಭಾಗ. ಇಡೀ ಭಾಷೆಯನ್ನು ಬಳಸದೆ ಆಯ್ದ ಭಾಗವನ್ನೇ ಬಳಸುವುದು ಪ್ರಾಣರಕ್ಷಣೆಯ ತಂತ್ರಾಂಶಗಳಲ್ಲಿ ರೂಢಿ. ಸಂದಿಗ್ಧಕ್ಕೆ ಎಡೆಕೊಡುವ ಸವಲತ್ತುಗಳನ್ನು ಮೊದಲೇ ಬಿಟ್ಟುಬಿಡುತ್ತಾರೆ.

1992ರಿಂದ 1999ರವರೆಗೆ ರಕ್ಷಣಾ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ಅವರ ಅವಧಿಯಲ್ಲೇ, 1998ರ ಪೋಖ್ರಾನ್ ಪರೀಕ್ಷೆಯ ನಂತರ, ಅಮೆರಿಕ ನಿರ್ಬಂಧ ಹೇರಿ ಈ ನಿಯಂತ್ರಣ ವ್ಯವಸ್ಥೆಗೆ ಸಿಗುತ್ತಿದ್ದ ಸಹಕಾರ ನಿಂತಿತು. ಉಳಿದ ಕೆಲಸವನ್ನು ನಮ್ಮವರೇ ಪೂರೈಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಬೆಂಗಳೂರಿನಿಂದ ಅದನ್ನು ಮೊದಲ ಬಾರಿ ಹಾರಿಸಿದರು. 2003ರಲ್ಲಿ "ತೇಜಸ್" ಎಂದು ನಾಮಕರಣವಾಯಿತು. 2016ರ ಜುಲೈ 1ರಂದು ವಾಯುಪಡೆಯ 45ನೇ ಸ್ಕ್ವಾಡ್ರನ್‌ಗೆ ಸೇರಿತು. ಇಂತಹ ಕಡೆ ಒಂದು ಬೆಲೆ ಯಾರ ಕೈಗೆ ಓದಲು ಹೋಯಿತು, ಯಾರ ಕೈಗೆ ತಿದ್ದಲು ಹೋಯಿತು ಎಂಬುದು ಎರಡು ಅಂಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಂದು ಜೀವದ ಪ್ರಶ್ನೆಯಾಗುತ್ತದೆ.

ಅಮಾನತ್ತಿನ ಪಾಠ

ಉರ್ದುವಿನ "ಅಮಾನತ್" ಕನ್ನಡದ ಕಚೇರಿಗೆ ಬಂದು "ಅಮಾನತು" ಆಗಿ, ನೌಕರಿಯಿಂದ ತಡೆಹಿಡಿಯುವ ಅರ್ಥ ಪಡೆದಿದೆ. ಆದರೆ ಅದರ ಮೂಲ ಅರ್ಥ ನಂಬಿ ಒಪ್ಪಿಸಿದ ವಸ್ತು. ಅದನ್ನು ಪಡೆದವನು ಒಪ್ಪಿಸಿದವನ ಉದ್ದೇಶಕ್ಕೆ ಮಾತ್ರ ಬಳಸಬೇಕು. ಫರ್ಮಾನು ಬರೆದವರು ಇದನ್ನು ಅರಿತಿದ್ದರು: ನಕಲು ಇಟ್ಟುಕೊಳ್ಳಿ, ಅಸಲು ಮರಳಿಸಿ. ಅಸಲು ಕೈತಪ್ಪಿದ ದುಃಖವನ್ನೂ ಬಿಜಾಪುರ ಉಂಡಿದೆ. ಆಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳು 19ನೇ ಶತಮಾನದಲ್ಲಿ ಲಂಡನ್ನಿಗೆ ಹೋದವು. ಇಂದು ಅವನ್ನು ನೋಡಬೇಕಾದರೆ ಬ್ರಿಟಿಷ್ ಲೈಬ್ರರಿಗೆ ಹೋಗಬೇಕು.

ವಿದ್ಯಾರ್ಥಿ ಮಿತ್ರರೇ, ಮುಂದೆ ನೀವು ಯಾವ ಭಾಷೆಯಲ್ಲಿ ಪ್ರೋಗ್ರಾಮ್ ಬರೆದರೂ ಮೂರು ಮಾತು ನೆನಪಿಡಿ. ಒಪ್ಪಿಸುವ ಮೊದಲು ಉದ್ದೇಶವನ್ನು ಸ್ಪಷ್ಟವಾಗಿ ಹೇಳಿ. ತಿದ್ದುವ ಅಧಿಕಾರವನ್ನು ಅಗತ್ಯವಿದ್ದಷ್ಟೇ ಕೊಡಿ. ಯಂತ್ರ ಯಾವ ದಾರಿಯಿಂದ ಹೋದರೂ ಉತ್ತರ ಒಂದೇ ಬರುವಂತೆ ಬರೆಯಿರಿ. ಆಡಾ ಕಂಪೈಲರ್ ಜಿಸಿಸಿ ಎಂಬ ಕಂಪೈಲರ್ ಸಮೂಹದ ಭಾಗವಾಗಿ ಉಚಿತವಾಗಿ ಸಿಗುತ್ತದೆ. ಮನೆಯ ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಮೇಲಿನ ಖಾತೆಯ ಲೆಕ್ಕವನ್ನು ಒಮ್ಮೆ ಸಣ್ಣ ದಾಖಲೆಯಿಂದ, ಇನ್ನೊಮ್ಮೆ ಅದಕ್ಕೆ ದೊಡ್ಡ ಕೋಷ್ಟಕ ಸೇರಿಸಿ ಮಾಡಿ ನೋಡಿ. ಉತ್ತರ ಬದಲಾದರೆ ಕಂಪೈಲರಿನ ನಿರ್ಧಾರ ನಿಮ್ಮ ಕಣ್ಣಿಗೆ ಕಂಡಂತೆ. ಬಾಯಿಪಾಠ ಮಾಡಿದ ಎರಡು ಅಂಕಣಕ್ಕಿಂತ ಆ ಒಂದು ಪ್ರಯೋಗ ಹೆಚ್ಚು ಕಲಿಸುತ್ತದೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ, ಒಪ್ಪಿಸಿದ್ದನ್ನು ಕಾಪಾಡುವ ನಿಯತ್ತನ್ನೂ ಕರುಣಿಸಲಿ. ಆಮೀನ್.